ಬಂದವರು ಅಪ್ಪ ಒಬ್ಬರೇ, ‘ದೆಮ್’ ಯಾಕೆ? ಇಂಗ್ಲಿಷಿನ ಮೀ, ಹಿಮ್, ಹರ್ ಬಳಸುವ ಬಗೆ

‘ಮೈ ಫಾದರ್ ಕೇಮ್ ಫ್ರಮ್ ಮಂಡ್ಯ. ಐ ಮೆಟ್ ದೆಮ್ ಅಟ್ ದಿ ಸ್ಟೇಷನ್.’

ಹೀಗೆ ಹೇಳಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನಲಾಗದು. ಕ್ರಿಯಾಪದ ಸರಿ ಇದೆ, ಭೂತಕಾಲ ಸರಿ ಇದೆ. ಆದರೂ ಕೇಳಿಸಿಕೊಂಡವರು ‘ಅಪ್ಪನ ಜೊತೆ ಇನ್ಯಾರು ಬಂದಿದ್ರು?’ ಅನ್ನುತ್ತಾರೆ. ಅಪ್ಪನನ್ನು ‘ಅವನು’ ಅನ್ನಲು ಬಾಯಿ ಬಾರದೆ ‘ಅವರನ್ನು’ ಎಂದುಕೊಂಡದ್ದು, ಇಂಗ್ಲಿಷಿಗೆ ಬರುವಷ್ಟರಲ್ಲಿ ‘ದೆಮ್’ ಆಗಿ, ಒಬ್ಬರು ಹಲವರಾಗಿದ್ದಾರೆ.

ಈ ಪುಟ್ಟ ಪದಗಳಲ್ಲಿ ಕನ್ನಡದವರು ಮಾಡುವ ತಪ್ಪುಗಳಿಗೆ ಹೆಚ್ಚುಕಡಿಮೆ ಯಾವಾಗಲೂ ಇಂಥದ್ದೊಂದು ಬೇರು ಸಿಗುತ್ತದೆ. ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದಲೇ ಆದ ತಪ್ಪುಗಳು ಅವು. ಆದ್ದರಿಂದ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ, ಕನ್ನಡ ಎಲ್ಲೆಲ್ಲಿ ನಮ್ಮನ್ನು ಪಕ್ಕಕ್ಕೆ ಎಳೆಯುತ್ತದೆ ಎಂದು ಗುರುತಿಟ್ಟುಕೊಳ್ಳುವುದು ಬೇಗ ಫಲ ಕೊಡುತ್ತದೆ.

ಏಳು ಪದ, ಎರಡು ಜಾಗ

‘ನವಿಲು ಹಾವನ್ನು ಹಿಡಿಯಿತು’ ಅನ್ನಿ, ‘ಹಾವನ್ನು ನವಿಲು ಹಿಡಿಯಿತು’ ಅನ್ನಿ, ಸಿಕ್ಕಿಬಿದ್ದದ್ದು ಹಾವೇ. ‘ಅನ್ನು’ ಪ್ರತ್ಯಯ ಅಂಟಿಕೊಂಡಿರುವ ತನಕ ಪದ ಎಲ್ಲಿ ಕೂತರೂ ಅರ್ಥ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಪದಗಳ ಜಾಗ ಅದಲುಬದಲು ಮಾಡಿದರೆ ಹಾವೇ ನವಿಲನ್ನು ಹಿಡಿದುಬಿಡುತ್ತದೆ. ಕನ್ನಡದಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಜಾಗ ಮಾಡುತ್ತದೆ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಕರ್ಮದ ಜಾಗದಲ್ಲಿ ಕೂರುವ ಸರ್ವನಾಮಗಳು ಏಳು. ಕರ್ತೃವಾಗಿದ್ದಾಗಿನ ರೂಪದ ಜೊತೆಗೇ ಬರೆದುಕೊಳ್ಳಿ:

ಐ – ಮೀ
ವೀ – ಅಸ್
ಯೂ – ಯೂ
ಹೀ – ಹಿಮ್
ಶೀ – ಹರ್
ಇಟ್ – ಇಟ್
ದೇ – ದೆಮ್

ಯೂ ಮತ್ತು ಇಟ್ ಬದಲಾಗುವುದಿಲ್ಲ. ಕಲಿಯಬೇಕಾದದ್ದು ಐದೇ ಜೋಡಿ.

ಇವು ಕೂರುವ ಜಾಗ ಎರಡು. ಒಂದು, ಕ್ರಿಯಾಪದದ ನಂತರ: ‘ಕಾಲ್ ಮೀ’, ‘ಐ ಸಾ ಹಿಮ್’. ಇನ್ನೊಂದು, ವಿತ್, ಫಾರ್, ಟು, ಫ್ರಮ್, ಬಿಹೈಂಡ್, ಅಬೌಟ್ ಮುಂತಾದ ಪ್ರಿಪೋಸಿಷನ್‌ಗಳ ನಂತರ: ‘ವಿತ್ ಮೀ’, ‘ಫಾರ್ ಅಸ್’, ‘ಬಿಹೈಂಡ್ ದೆಮ್’. ಕನ್ನಡದ ನನ್ನನ್ನು, ನನಗೆ, ನನ್ನಿಂದ, ನನ್ನಲ್ಲಿ ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಇರುವುದು ‘ಮೀ’ ಒಂದೇ. ಉಳಿದ ವ್ಯತ್ಯಾಸವನ್ನು ಅದಕ್ಕಿಂತ ಮೊದಲು ಬರುವ ಪ್ರಿಪೋಸಿಷನ್ ಹೇಳುತ್ತದೆ.

ಇಂಗ್ಲಿಷಿಗೂ ಒಂದು ಕಾಲಕ್ಕೆ ವಿಭಕ್ತಿಗಳಿದ್ದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಅವನನ್ನು’ ಎನ್ನಲು ‘ಹಿನೆ’ ಎಂಬ ಬೇರೆ ಪದವೇ ಇತ್ತು. ಆಗ ‘ಹಿಮ್’ ಎಂದರೆ ‘ಅವನಿಗೆ’ ಎಂದು ಅರ್ಥ. ಬರುಬರುತ್ತಾ ‘ಅವನಿಗೆ’ಯೇ ‘ಅವನನ್ನು’ವಿನ ಕೆಲಸವನ್ನೂ ವಹಿಸಿಕೊಂಡಿತು. ನಾವೂ ‘ಅವನನ್ನು ಹೊಡೆದ’ ಅನ್ನುವ ಕಡೆ ‘ಅವನಿಗೆ ಹೊಡೆದ’ ಅನ್ನುತ್ತೇವಲ್ಲ, ಆ ದಾರಿಯಲ್ಲೇ ಅವರು ಕೊನೆಯವರೆಗೂ ನಡೆದುಬಿಟ್ಟರು.

‘ನನಗೆ’ ಕಂಡ ಕೂಡಲೇ ‘ಮೀ’ ಬೇಡ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕಡೆ ಇದು. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವು, ನನಗೆ ಜ್ವರ, ನನಗೆ ನೆನಪಿದೆ, ನನಗೆ ಸಿಕ್ಕಿತು, ನನಗೆ ಇಬ್ಬರು ಮಕ್ಕಳು. ದಿನವಿಡೀ ಆಡುವ ಈ ಮಾತುಗಳಲ್ಲಿ ‘ನನಗೆ’ ಇದೆ, ‘ನಾನು’ ಇಲ್ಲ. ಇಂಗ್ಲಿಷಿನಲ್ಲಿ ಒಂದರಲ್ಲೂ ‘ಮೀ’ ಬರುವುದಿಲ್ಲ. ‘ಐ ನೋ’, ‘ಐ ವಾಂಟ್’, ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಎ ಫೀವರ್’, ‘ಐ ರಿಮೆಂಬರ್’, ‘ಐ ಗಾಟ್ ಇಟ್’, ‘ಐ ಹ್ಯಾವ್ ಟೂ ಚಿಲ್ಡ್ರನ್’ ಎಂದೇ ಆಗಬೇಕು. ಅವನಿಗೆ ಗೊತ್ತಿಲ್ಲ ಎಂದರೆ ‘ಹೀ ಡಸಂಟ್ ನೋ’, ಅವರಿಗೆ ಬೇಡವಂತೆ ಎಂದರೆ ‘ದೇ ಡೋಂಟ್ ವಾಂಟ್ ಇಟ್’.

ಗುರುತಿಸುವುದು ಹೇಗೆ? ವಾಕ್ಯವನ್ನು ಕನ್ನಡದಲ್ಲೇ ಇಟ್ಟುಕೊಂಡು ಒಂದು ಪ್ರಶ್ನೆ ಹಾಕಿ: ಇದನ್ನು ಮಾಡುವವರು ಬೇರೆ ಯಾರಾದರೂ ಇದ್ದಾರಾ? ‘ನನಗೆ ಕೊಟ್ಟರು’, ‘ನನಗೆ ಹೇಳಿದರು’, ‘ನನಗೆ ತೋರಿಸಿದರು’ ಇಲ್ಲೆಲ್ಲ ಕೊಡುವವರು, ಹೇಳುವವರು, ತೋರಿಸುವವರು ಬೇರೆ. ಅವರು ಕರ್ತೃವಿನ ಜಾಗ ಹಿಡಿಯುತ್ತಾರೆ, ನಮಗೆ ಉಳಿಯುವುದು ‘ಮೀ’. ‘ನನಗೆ ಹಸಿವು’ ಎಂಬಲ್ಲಿ ಹಸಿವನ್ನು ಯಾರೂ ತಂದು ಕೊಟ್ಟಿಲ್ಲ. ಕರ್ತೃವಿನ ಜಾಗ ಖಾಲಿ ಬಿಡಲು ಇಂಗ್ಲಿಷ್ ಒಪ್ಪುವುದಿಲ್ಲ, ಹಾಗಾಗಿ ಹಸಿದವರೇ ಅಲ್ಲಿ ಕೂರಬೇಕು: ‘ಐ’.

ಈ ಪ್ರಶ್ನೆ ಕೈಕೊಡುವ ಕೆಲವು ಮಾತುಗಳಿವೆ. ‘ನನಗೆ ಏನಾಯಿತು’ ಎಂದರೆ ‘ವಾಟ್ ಹ್ಯಾಪನ್ಡ್ ಟು ಮೀ’. ‘ನನಗೆ ಹಾಗನ್ನಿಸುತ್ತದೆ’ ಎಂದರೆ ‘ಇಟ್ ಸೀಮ್ಸ್ ಸೋ ಟು ಮೀ’ (‘ಐ ಥಿಂಕ್ ಸೋ’ ಎಂದರೆ ಇನ್ನೂ ಸಲೀಸು). ‘ನನಗೆ ಆಶ್ಚರ್ಯ ಆಯ್ತು’ ಎರಡು ಕಡೆಗೂ ಹೋಗುತ್ತದೆ: ‘ಐ ವಾಸ್ ಸರ್‌ಪ್ರೈಸ್ಡ್’, ‘ಇಟ್ ಸರ್‌ಪ್ರೈಸ್ಡ್ ಮೀ’. ಇಂಥವನ್ನು ಎದುರಾದಂತೆಲ್ಲ ಒಂದೊಂದಾಗಿ ಬರೆದಿಟ್ಟುಕೊಳ್ಳುವುದೇ ದಾರಿ.

‘ಟು’ ಎಲ್ಲಿ ಬೇಕು, ಎಲ್ಲಿ ಬೇಡ

‘ನನಗೆ ಹೇಳಿ’, ‘ನನಗೆ ಫೋನ್ ಮಾಡಿ’, ‘ನನಗೆ ವಿವರಿಸಿ’. ಮೂರರಲ್ಲೂ ‘ಗೆ’ ಇದೆ. ‘ಗೆ’ ಅಂದರೆ ‘ಟು’ ಎಂದುಕೊಂಡವರು ‘ಟೆಲ್ ಟು ಮೀ’, ‘ಕಾಲ್ ಟು ಮೀ’ ಅನ್ನುತ್ತಾರೆ. ಇನ್ನು ಕೆಲವರು ‘ಟು’ ಬೇಡವಂತೆ ಎಂದು ಕೇಳಿಕೊಂಡು ‘ಎಕ್ಸ್‌ಪ್ಲೇನ್ ಮೀ’ ಅನ್ನುತ್ತಾರೆ. ಮೂರೂ ತಪ್ಪು. ‘ಟೆಲ್ ಮೀ’, ‘ಕಾಲ್ ಮೀ’, ಆದರೆ ‘ಎಕ್ಸ್‌ಪ್ಲೇನ್ ಇಟ್ ಟು ಮೀ’.

ಇಲ್ಲಿ ಕನ್ನಡ ಏನೂ ಸುಳಿವು ಕೊಡುವುದಿಲ್ಲ. ಕ್ರಿಯಾಪದವನ್ನು ಕಲಿಯುವಾಗಲೇ ಅದರ ನಂತರ ಬರುವ ‘ಮೀ’ ಸಮೇತ ಕಲಿಯಬೇಕು. ಟೆಲ್, ಆಸ್ಕ್, ಕಾಲ್, ಹೆಲ್ಪ್, ಆನ್ಸರ್, ಟೀಚ್, ಮ್ಯಾರಿ ಇವುಗಳ ನಂತರ ನೇರವಾಗಿ ಮೀ, ಹಿಮ್, ಹರ್ ಬರುತ್ತವೆ. ‘ಅವಳ ಜೊತೆ ಮದುವೆ ಆಯ್ತು’ ಎಂಬುದನ್ನು ‘ಹೀ ಮ್ಯಾರಿಡ್ ವಿತ್ ಹರ್’ ಮಾಡಬೇಡಿ. ‘ಹೀ ಮ್ಯಾರಿಡ್ ಹರ್’ ಸಾಕು. ಸೇ, ಎಕ್ಸ್‌ಪ್ಲೇನ್, ಲಿಸನ್ ಇವಕ್ಕೆ ‘ಟು’ ಬೇಕು. ನೋಡುವುದಕ್ಕೆ ‘ಅಟ್’ (‘ಲುಕ್ ಅಟ್ ಮೀ’), ಕಾಯುವುದಕ್ಕೆ ‘ಫಾರ್’ (‘ವೇಟ್ ಫಾರ್ ಮೀ’), ನಗುವುದಕ್ಕೆ ಮತ್ತೆ ‘ಅಟ್’ (‘ಡೋಂಟ್ ಲಾಫ್ ಅಟ್ ಹಿಮ್’). ‘ಅದರ ಬಗ್ಗೆ ಚರ್ಚೆ ಮಾಡಿದೆವು’ ಎಂಬ ನಮ್ಮ ‘ಬಗ್ಗೆ’ಯಿಂದ ಹುಟ್ಟಿದ ‘ವೀ ಡಿಸ್ಕಸ್ಡ್ ಅಬೌಟ್ ಇಟ್’ ಕಚೇರಿ ಪತ್ರಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಅಲ್ಲಿ ‘ಅಬೌಟ್’ ತೆಗೆದುಹಾಕಿ.

ಕೊಡುವ ಮಾತಿನಲ್ಲಿ ಎರಡು ಕ್ರಮ ನಡೆಯುತ್ತದೆ: ‘ಗಿವ್ ಮೀ ದಿ ಕೀ’, ‘ಗಿವ್ ದಿ ಕೀ ಟು ಮೀ’. ವಸ್ತುವೂ ಸರ್ವನಾಮವೇ ಆದಾಗ ‘ಗಿವ್ ಇಟ್ ಟು ಮೀ’ ಎಂಬ ಒಂದನ್ನೇ ಬಳಸಿ. ‘ಅದನ್ನು ನನಗೆ’ ಎಂಬ ನಮ್ಮ ಕ್ರಮವೇ ಇಲ್ಲಿಯೂ ಇದೆ, ನಾಲಿಗೆ ತೊಡರುವುದಿಲ್ಲ.

‘ವಿತ್ ಹಿಸ್’ ಎಂಬ ತಪ್ಪು

ಇದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಒಬ್ಬ ವಿದ್ಯಾರ್ಥಿ ‘ಐ ವೆಂಟ್ ವಿತ್ ಹರ್’ ಎಂದು ಸರಿಯಾಗಿ ಬರೆಯುತ್ತಾನೆ. ಅದೇ ಪುಟದಲ್ಲಿ ‘ಐ ವೆಂಟ್ ವಿತ್ ಹಿಸ್’ ಎಂದೂ ಬರೆದಿರುತ್ತಾನೆ. ತಿದ್ದುವವರಿಗೆ ಗೊಂದಲ: ಇವನಿಗೆ ನಿಯಮ ಗೊತ್ತಾ, ಗೊತ್ತಿಲ್ವಾ?

ಅವನಿಗೆ ಗೊತ್ತಿರುವುದು ಕನ್ನಡದ ನಿಯಮ. ಜೊತೆ, ಹಿಂದೆ, ಬಗ್ಗೆ, ಹತ್ತಿರ, ಪರವಾಗಿ ಇವೆಲ್ಲ ಕನ್ನಡದಲ್ಲಿ ಷಷ್ಠಿಯನ್ನು ಕೇಳುತ್ತವೆ: ಅವನ ಜೊತೆ, ಅವಳ ಜೊತೆ, ನನ್ನ ಹಿಂದೆ, ನಮ್ಮ ಬಗ್ಗೆ. ‘ಅವನ’ ಎಂದರೆ ‘ಹಿಸ್’ ಅಲ್ಲವೇ, ಅದನ್ನೇ ಇಟ್ಟಿದ್ದಾನೆ. ‘ಅವಳ’ ಎಂದು ‘ಹರ್’ ಇಟ್ಟಾಗ ಸರಿಹೋದದ್ದು ಅದೃಷ್ಟ. ‘ಹರ್ ಬುಕ್’ ಎಂಬಲ್ಲಿನ ‘ಅವಳ’, ‘ವಿತ್ ಹರ್’ ಎಂಬಲ್ಲಿನ ‘ಅವಳ’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ರೂಪ. ಹುಡುಗಿಯರ ವಿಷಯ ಬರೆದಾಗ ತಪ್ಪು ಅಡಗಿಕೊಂಡು, ಹುಡುಗರ ವಿಷಯ ಬಂದಾಗ ಹೊರಬೀಳುತ್ತದೆ.

ಪರೀಕ್ಷೆ ಸುಲಭ. ಪದದ ನಂತರ ಅದಕ್ಕೆ ಸೇರಿದ ವಸ್ತು ಇದೆಯೇ ನೋಡಿ. ‘ವಿತ್ ಹಿಸ್ ಬ್ರದರ್’ ಎಂದರೆ ಬ್ರದರ್ ಇದ್ದಾನೆ, ‘ಹಿಸ್’ ಸರಿ. ‘ವಿತ್’ ಆದ ಮೇಲೆ ವಾಕ್ಯವೇ ಮುಗಿಯುವುದಾದರೆ ‘ಹಿಮ್’. ಹಾಗೆಯೇ ‘ಬಿಹೈಂಡ್ ಅವರ್ ಹೌಸ್’, ಆದರೆ ‘ಬಿಹೈಂಡ್ ಅಸ್’. ‘ಅಬೌಟ್ ಮೈ ಮಾರ್ಕ್ಸ್’, ಆದರೆ ‘ಅಬೌಟ್ ಮೀ’.

ನುಂಗಿಹೋಗುವ ‘ಇಟ್’, ‘ದೆಮ್’

‘ಬಾಗಿಲು ಹಾಕಿದ್ಯಾ?’ ‘ಹೂಂ, ಹಾಕ್ದೆ.’ ಕನ್ನಡದಲ್ಲಿ ಕರ್ಮವನ್ನು ಮತ್ತೆ ಹೇಳುವ ಗೋಜಿಲ್ಲ, ಹೇಳಿದರೇ ಜಗಳ ತೆಗೆದಂತೆ ಕೇಳುತ್ತದೆ. ‘ಎಸ್, ಐ ಲಾಕ್ಡ್’ ಎಂದು ಇಂಗ್ಲಿಷಿನಲ್ಲಿ ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ಕಡಿದಂತೆ. ‘ಐ ಲಾಕ್ಡ್ ಇಟ್’ ಅನ್ನಿ, ಇಲ್ಲವೇ ‘ಎಸ್, ಐ ಡಿಡ್’ ಅಂದು ತಪ್ಪಿಸಿಕೊಳ್ಳಿ. ಇಷ್ಟ ಆಯ್ತು: ‘ಐ ಲೈಕ್ಡ್ ಇಟ್’. ಕೊಡಿ, ನೋಡ್ತೀನಿ: ‘ಗಿವ್ ಇಟ್ ಟು ಮೀ, ಐ ವಿಲ್ ಲುಕ್ ಅಟ್ ಇಟ್’. ಲೈಕ್, ವಾಂಟ್, ಬೈ, ಬ್ರಿಂಗ್, ಪುಟ್, ಟೇಕ್, ಲಾಕ್, ಫೈಂಡ್ ಇವುಗಳ ನಂತರ ಏನೂ ಇಲ್ಲದಿದ್ದರೆ ಒಮ್ಮೆ ನಿಂತು ನೋಡಿ.

ಏನೋ ಒಂದು ಬೇಕು ಎಂದಾದ ಮೇಲೆ ‘ಇಟ್’ ಹಾಕಬೇಕೋ ‘ದೆಮ್’ ಹಾಕಬೇಕೋ ಎಂಬ ಪ್ರಶ್ನೆ. ಎಣಿಕೆಯ ವಸ್ತುವಿಗೆ ಕನ್ನಡ ಬಹುವಚನ ಹಚ್ಚುವುದು ಕಡಿಮೆ. ಮದ್ದೂರಿನಲ್ಲಿ ರೈಲು ನಿಂತಾಗ ‘ನಾಲ್ಕು ವಡೆ ಕೊಡಿ’ ಅನ್ನುತ್ತೇವೆ, ‘ವಡೆಗಳನ್ನು’ ಅನ್ನುವುದಿಲ್ಲ. ಅದೇ ಅಭ್ಯಾಸದಲ್ಲಿ ‘ಐ ಬಾಟ್ ಫೋರ್ ವಡಾಸ್ ಅಂಡ್ ಏಟ್ ಇಟ್’ ಎಂದು ಬರುತ್ತದೆ. ನಾಲ್ಕಾದ್ದರಿಂದ ‘ಏಟ್ ದೆಮ್’. ಅರಮನೆಯ ಬಾಗಿಲಲ್ಲಿ ಪ್ರವಾಸಿಗರಿಗೆ ಚಪ್ಪಲಿ ಬಿಡಲು ಹೇಳಬೇಕಾದಾಗ ‘ಟೇಕ್ ದೆಮ್ ಆಫ್ ಅಂಡ್ ಲೀವ್ ದೆಮ್ ಹಿಯರ್’ ಎನ್ನಬೇಕು. ಚಪ್ಪಲಿ ಒಂದು ಜೊತೆ, ಇಂಗ್ಲಿಷಿನ ಲೆಕ್ಕಕ್ಕೆ ಅದು ಎರಡು. ಕನ್ನಡಕ, ಕತ್ತರಿ, ಪ್ಯಾಂಟು ಒಂದೇ ಆದರೂ ‘ದೆಮ್’: ‘ವೇರ್ ಆರ್ ಮೈ ಗ್ಲಾಸಸ್? ಐ ಕಾಂಟ್ ಫೈಂಡ್ ದೆಮ್.’

ಎಷ್ಟು ರಾಶಿ ಇದ್ದರೂ ‘ಇಟ್’ ಆಗಿಯೇ ಉಳಿಯುವವು ಬೇರೆ: ದುಡ್ಡು, ಅಕ್ಕಿ, ಸಕ್ಕರೆ, ಲಗೇಜು, ಫರ್ನಿಚರ್, ನ್ಯೂಸ್, ಇನ್ಫರ್ಮೇಷನ್. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯಲ್ಲಿರುವ ಬೆಲ್ಲ ‘ಇಟ್’. ಅದನ್ನೇ ಅಚ್ಚಿಗೆ ಹೊಯ್ದು ಹತ್ತು ಅಚ್ಚು ಎಣಿಸಿ ಕೊಟ್ಟರೆ, ಆ ಅಚ್ಚುಗಳು ‘ದೆಮ್’. ಎಣಿಸಿದ್ದು ಅಚ್ಚನ್ನೇ ಹೊರತು ಬೆಲ್ಲವನ್ನಲ್ಲ.

‘ಇಟ್’ ಹಾಕುವ ಅಭ್ಯಾಸ ಬಂದ ಮೇಲೆ ಕೆಲವರಿಗೆ ಅದು ಅತಿಯಾಗುತ್ತದೆ. ‘ನಾನು ಕೊಂಡ ಪುಸ್ತಕ’ ಎಂಬುದನ್ನು ‘ದಿ ಬುಕ್ ದಟ್ ಐ ಬಾಟ್ ಇಟ್’ ಎಂದು ಬರೆಯುತ್ತಾರೆ. ಬುಕ್ ಆಗಲೇ ಮೊದಲು ಬಂದು ಕೂತಿದೆ, ಕೊನೆಗೆ ಮತ್ತೊಂದು ‘ಇಟ್’ ಬೇಡ.

ಪಂಪ್‌ಸೆಟ್ ಆಫ್ ಮಾಡು ಎನ್ನುವಾಗ ‘ಸ್ವಿಚ್ ಆಫ್ ದಿ ಮೋಟರ್’ ಸರಿ, ‘ಸ್ವಿಚ್ ದಿ ಮೋಟರ್ ಆಫ್’ ಕೂಡ ಸರಿ. ಮೋಟರ್ ಹೋಗಿ ‘ಇಟ್’ ಬಂದರೆ ನಡುವೆಯೇ ಕೂರಬೇಕು: ‘ಸ್ವಿಚ್ ಇಟ್ ಆಫ್’. ‘ಸ್ವಿಚ್ ಆಫ್ ಇಟ್’ ಅನ್ನುವಂತಿಲ್ಲ. ‘ಪಿಕ್ ಹಿಮ್ ಅಪ್’, ‘ಥ್ರೋ ಇಟ್ ಅವೇ’, ‘ಗಿವ್ ದೆಮ್ ಬ್ಯಾಕ್’ ಎಲ್ಲವೂ ಇದೇ ಅಚ್ಚಿನವು. ‘ಲುಕ್ ಆಫ್ಟರ್ ಹರ್’, ‘ಲುಕ್ ಫಾರ್ ಇಟ್’ ಮಾತ್ರ ಬಿಡಿಸಿಕೊಳ್ಳುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಆಫ್, ಆನ್, ಅಪ್, ಅವೇ, ಬ್ಯಾಕ್ ಇದ್ದರೆ ನಡುವೆ; ಅಟ್, ಫಾರ್, ಆಫ್ಟರ್ ಇದ್ದರೆ ಕೊನೆಗೆ.

ಮರ್ಯಾದೆಯ ‘ಅವರು’, ಮಗುವಿನ ‘ಅದು’

ಮೊದಲಿನ ಅಪ್ಪನ ವಾಕ್ಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅಪ್ಪ, ಮೇಷ್ಟ್ರು, ಮುಖ್ಯಮಂತ್ರಿ, ಪೂಜಾರಿ ಎಲ್ಲರೂ ‘ಹಿಮ್’. ಅಮ್ಮ, ಮೇಡಂ, ಡಾಕ್ಟರಮ್ಮ ‘ಹರ್’. ಮರ್ಯಾದೆ ತೋರಿಸಬೇಕಿದ್ದರೆ ಅದಕ್ಕೆ ಮಿಸ್ಟರ್, ಡಾಕ್ಟರ್, ಪ್ಲೀಸ್ ಮುಂತಾದ ಬೇರೆ ಪದಗಳಿವೆ. ‘ಹಿಮ್’ ಎಂದರೆ ‘ಅವನನ್ನು’ ಎಂದು ಶಾಲೆಯಲ್ಲಿ ಬರೆಸಿದ್ದೇ ಈ ಮುಜುಗರದ ಮೂಲ. ‘ಹಿಮ್: ಅವನನ್ನು, ಅವರನ್ನು’ ಎಂದು ನೋಟ್‌ಬುಕ್‌ನಲ್ಲೇ ತಿದ್ದಿಕೊಂಡರೆ ಬಾಯಿ ಹಗುರಾಗುತ್ತದೆ.

ಗಂಡಸೋ ಹೆಂಗಸೋ ಗೊತ್ತಿಲ್ಲದ ಒಬ್ಬರ ವಿಷಯಕ್ಕೆ ‘ದೆಮ್’ ಬಳಸಬಹುದು. ‘ಯಾರೋ ಫೋನ್ ಮಾಡಿದ್ರು, ಆಮೇಲೆ ಮಾಡೋಕೆ ಹೇಳಿ’ ಎಂಬುದಕ್ಕೆ ‘ಸಮ್‌ವನ್ ಕಾಲ್ಡ್. ಟೆಲ್ ದೆಮ್ ಟು ಕಾಲ್ ಲೇಟರ್’ ಒಳ್ಳೆಯ ಇಂಗ್ಲಿಷೇ.

ಮಗು ಕನ್ನಡದಲ್ಲಿ ‘ಅದು’. ‘ಮಗು ಅಳ್ತಿದೆ, ಎತ್ಕೊಳ್ಳಿ’ ಎಂಬುದನ್ನು ತಾಯಿಯ ಎದುರಿಗೆ ‘ಪಿಕ್ ಇಟ್ ಅಪ್’ ಎಂದರೆ ಆಕೆಗೆ ಚೂರು ಕಸಿವಿಸಿಯಾದೀತು. ಗೊತ್ತಿದ್ದರೆ ಹಿಮ್ ಅಥವಾ ಹರ್ ಅನ್ನಿ. ಪ್ರಾಣಿಗಳಿಗೆ ‘ಇಟ್’ ನಡೆಯುತ್ತದೆ. ಹೆಸರಿಟ್ಟು ಕರೆಯುವ ಪ್ರಾಣಿಯಾದರೆ ಹಿಮ್, ಹರ್ ಸಹಜ. 2020ರಲ್ಲಿ ಮೊದಲ ಸಲ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ಬಗ್ಗೆ ಹೊರಗಿನವರಿಗೆ ಹೇಳುವಾಗ ‘ಎವ್ರಿವನ್ ಕೇಮ್ ಟು ಸೀ ಹಿಮ್’ ಎನ್ನುವುದೇ ಚೆಂದ.

‘ಅವನು ಬರಲಿ’ ಎಂಬಲ್ಲಿ ‘ಹಿಮ್’ ಎಲ್ಲಿಂದ ಬಂತು?

ಕನ್ನಡದಲ್ಲಿ ಶುದ್ಧ ‘ಅವನು’ ಇದ್ದರೂ ಇಂಗ್ಲಿಷಿನಲ್ಲಿ ‘ಹಿಮ್’ ಬೇಕಾಗುವ ವಾಕ್ಯಗಳಿವೆ. ‘ಅವನು ಬರಲಿ’ ಎಂದರೆ ‘ಲೆಟ್ ಹಿಮ್ ಕಮ್’. ‘ಅವನು ಬರಬೇಕು ಅಂತ ನನಗಾಸೆ’ ಎಂದರೆ ‘ಐ ವಾಂಟ್ ಹಿಮ್ ಟು ಕಮ್’. ‘ಅವರು ಹೋಗೋದನ್ನ ನೋಡಿದೆ’ ಎಂದರೆ, ಹಲವರಾದರೆ, ‘ಐ ಸಾ ದೆಮ್ ಗೋಯಿಂಗ್’. ‘ಲೆಟ್ ಹೀ ಕಮ್’, ‘ಐ ವಾಂಟ್ ಹೀ ಶುಡ್ ಕಮ್’ ಎಂಬ ತಪ್ಪುಗಳು ಈ ‘ಅವನು’ವಿನಿಂದಲೇ ಬಂದವು.

ಇಲ್ಲಿ ಅರ್ಥ ನೋಡಹೋದರೆ ದಾರಿ ತಪ್ಪುತ್ತದೆ. ಬರುವವನು ಅವನೇ, ನಿಜ. ಜಾಗ ನೋಡಿ. ‘ಲೆಟ್’ ಒಂದು ಕ್ರಿಯಾಪದ, ‘ವಾಂಟ್’ ಒಂದು ಕ್ರಿಯಾಪದ, ‘ಸಾ’ ಒಂದು ಕ್ರಿಯಾಪದ. ಅವುಗಳ ನಂತರವೇ ಬಂದದ್ದರಿಂದ ‘ಹಿಮ್’.

‘ಅವನ ಕೈಲಿ ಮಾಡಿಸು’ ಎಂಬುದೂ ಇದೇ ಗುಂಪು. ಕನ್ನಡ ಒಂದು ‘ಇಸು’ ಸೇರಿಸಿ ಮುಗಿಸುವುದನ್ನು ಇಂಗ್ಲಿಷ್ ಎರಡು ಕ್ರಿಯಾಪದದಲ್ಲಿ ಹೇಳುತ್ತದೆ, ನಡುವೆ ‘ಹಿಮ್’: ‘ಮೇಕ್ ಹಿಮ್ ಡು ಇಟ್’, ಅಥವಾ ಸ್ವಲ್ಪ ಮೆದುವಾಗಿ ‘ಗೆಟ್ ಹಿಮ್ ಟು ಡು ಇಟ್’. ‘ಮೇಕ್’ ಜೊತೆ ‘ಟು’ ಇಲ್ಲ, ‘ಗೆಟ್’ ಜೊತೆ ‘ಟು’ ಇದೆ. ‘ಕೈಲಿ’ ಎಂಬುದನ್ನು ‘ಫ್ರಮ್ ಹಿಮ್’ ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರಿಗೆ ಮನೆ ಬಾಡಿಗೆ ಕೊಡುವವರಿಗೆ ಈ ಒಂದು ಮಾದರಿ ಕೈಗೆ ಬಂದರೆ ದಿನದ ಅರ್ಧ ಮಾತು ಮುಗಿದಂತೆ: ‘ಐ ವಿಲ್ ಗೆಟ್ ದಿ ಪ್ಲಂಬರ್ ಟು ಕಮ್. ಲೆಟ್ ಹಿಮ್ ಚೆಕ್ ಇಟ್ ಫಸ್ಟ್.’

‘ಅಂಡ್’ ಸೇರಿದಾಗ, ಮತ್ತೆರಡು ಸಣ್ಣ ಮಾತು

‘ದಿ ಎಚ್‌ಎಂ ಕಾಲ್ಡ್ ರವಿ ಅಂಡ್ ಐ’. ‘ಐ’ ಅಂದರೆ ಘನತೆ, ‘ಮೀ’ ಅಂದರೆ ಹಳ್ಳಿಗಾಡು ಎಂಬ ಭಾವನೆಯಿಂದ ಬರುವ ತಪ್ಪು ಇದು. ರವಿಯನ್ನೂ ‘ಅಂಡ್’ ಅನ್ನೂ ಬೆರಳಿನಿಂದ ಮುಚ್ಚಿ ಓದಿ: ‘ದಿ ಎಚ್‌ಎಂ ಕಾಲ್ಡ್ ಐ’ ಎಂದು ಯಾರೂ ಅನ್ನುವುದಿಲ್ಲ. ಹಾಗಾದರೆ ‘ರವಿ ಅಂಡ್ ಮೀ’. ‘ಬಿಟ್ವೀನ್ ಯೂ ಅಂಡ್ ಮೀ’ ಕೂಡ ಹೀಗೇ.

ಬಾಗಿಲು ತಟ್ಟಿದಾಗ ‘ಯಾರು?’ ಎಂದರೆ ನಾವು ‘ನಾನು’ ಅನ್ನುತ್ತೇವೆ; ಇಂಗ್ಲಿಷಿನವರು ‘ಇಟ್ಸ್ ಮೀ’. ‘ಇಟ್ ಈಸ್ ಐ’ ಹಳೆಯ ವ್ಯಾಕರಣ ಪುಸ್ತಕದಲ್ಲಿ ಸರಿ, ಬಾಗಿಲ ಹೊರಗೆ ನಿಂತವರ ಬಾಯಲ್ಲಿ ವಿಚಿತ್ರ. ‘ನನಗಿಂತ ಎತ್ತರ’ ಎಂಬುದಕ್ಕೆ ಮಾತಿನಲ್ಲಿ ‘ಟಾಲರ್ ದ್ಯಾನ್ ಮೀ’. ಉತ್ತರಪತ್ರಿಕೆಯಲ್ಲಿ ‘ಟಾಲರ್ ದ್ಯಾನ್ ಐ ಆಮ್’ ಎಂದು ಬರೆದುಬಿಟ್ಟರೆ ಯಾವ ಪರೀಕ್ಷಕರೂ ತಕರಾರು ತೆಗೆಯುವಂತಿಲ್ಲ.

ಪರಿಚಯ ಹೇಳಿಕೊಳ್ಳುವಾಗ ‘ಮೈಸೆಲ್ಫ್ ಸುರೇಶ್’ ಬೇಡ, ‘ಐ ಆಮ್ ಸುರೇಶ್’ ಸಾಕು. ಸೆಲ್ಫ್ ಪದಗಳ ನಿಜವಾದ ಕೆಲಸ ನಮ್ಮ ‘ತನ್ನನ್ನು’ ಮಾಡುವ ಕೆಲಸ. ‘ಹೀ ಬ್ಲೇಮ್ಡ್ ಹಿಮ್’ ಎಂದರೆ ಇನ್ನೊಬ್ಬನನ್ನು ದೂರಿದ, ‘ಹಿಮ್‌ಸೆಲ್ಫ್’ ಎಂದರೆ ತನ್ನನ್ನೇ ದೂರಿಕೊಂಡ. ಕನ್ನಡದ ‘ಕೊಂಡ’ ಇಲ್ಲಿ ಒಳ್ಳೆಯ ಸುಳಿವು: ಕೊಯ್ದುಕೊಂಡ, ದೂರಿಕೊಂಡ, ಹೊಡೆದುಕೊಂಡ. ಆದರೆ ‘ತನ್ನ ಜೊತೆ ಬ್ಯಾಗ್ ತಗೊಂಡು ಹೋದಳು’ ಎಂಬಲ್ಲಿ ‘ವಿತ್ ಹರ್’ ಅಷ್ಟೇ. ‘ವಿತ್ ಹರ್‌ಸೆಲ್ಫ್’ ಆಗುವುದಿಲ್ಲ.

ಕಿವಿಗೆ ಬೀಳುವ ರೂಪ

ಪುಸ್ತಕದಲ್ಲಿ ಕಲಿತ ‘ಟೆಲ್ ಹಿಮ್’ ಅನ್ನು ಹುಟ್ಟು ಇಂಗ್ಲಿಷಿನವರು ಓಟದಲ್ಲಿ ‘ಟೆಲಿಮ್’ ಅನ್ನುತ್ತಾರೆ. ‘ಆಸ್ಕ್ ಹರ್’ ಎನ್ನುವುದು ‘ಆಸ್ಕರ್’ ಆಗುತ್ತದೆ, ‘ಗಿವ್ ದೆಮ್’ ‘ಗಿವೆಮ್’, ‘ಲೆಟ್ ಮೀ’ ‘ಲೆಮ್ಮಿ’. ಒತ್ತು ಕ್ರಿಯಾಪದದ ಮೇಲೆ ಬಿದ್ದು, ಹಿಮ್, ಹರ್‌ಗಳ ಹ ಕಾರ ಉದುರಿಹೋಗುತ್ತದೆ. ಹಾಲನ್ನು ‘ಆಲು’, ಹೋಗು ಎಂಬುದನ್ನು ‘ಓಗು’ ಅನ್ನುವ ಮಂಡ್ಯದ ಕಿವಿಗೆ ಇದು ಹೊಸದಲ್ಲ. ಒಂದೇ ವ್ಯತ್ಯಾಸ: ವಾಕ್ಯದ ಮೊದಲಲ್ಲಿ, ಇಲ್ಲವೇ ‘ನಾ ಹೇಳಿದ್ದು ಅವನಿಗೇ, ಇವಳಿಗಲ್ಲ’ ಎಂದು ಒತ್ತಿ ಹೇಳುವಾಗ ಹ ಕಾರ ಪೂರ್ತಿ ಕೇಳಬೇಕು. ನೀವು ಮಾತಾಡುವಾಗ ಹ ಉಳಿಸಿಕೊಂಡೇ ಮಾತಾಡಿ; ಉದುರಿದ ರೂಪ ಕಿವಿಗೆ ಗುರುತು ಸಿಕ್ಕರೆ ಸಾಕು.

ಪರೀಕ್ಷೆಗೆ ಓದುವವರಿಗೆ

ವಾಯ್ಸ್ ಬದಲಿಸುವ ಪ್ರಶ್ನೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಸರ್ವನಾಮದಲ್ಲಿ. ‘ಹೀ ಹೆಲ್ಪ್ಡ್ ದೆಮ್’ ಎಂಬುದನ್ನು ತಿರುಗಿಸುವಾಗ ಈ ಕ್ರಮ ಹಿಡಿಯಿರಿ: ಮೊದಲು ‘ದೆಮ್’ ಅನ್ನು ವಾಕ್ಯದ ಮುಂದಕ್ಕೆ ತಂದು ‘ದೇ’ ಮಾಡಿ, ನಂತರ ಕ್ರಿಯಾಪದವನ್ನು ಅದಕ್ಕೆ ಹೊಂದಿಸಿ, ‘ವರ್ ಹೆಲ್ಪ್ಡ್’, ಕೊನೆಗೆ ‘ಬೈ’ ಬರೆದು ‘ಹೀ’ಯನ್ನು ‘ಹಿಮ್’ ಮಾಡಿ. ‘ದೇ ವರ್ ಹೆಲ್ಪ್ಡ್ ಬೈ ಹಿಮ್.’ ಅವಸರದಲ್ಲಿ ಆಗುವ ತಪ್ಪುಗಳು ಎರಡು: ‘ಬೈ ಹೀ’ ಎಂದು ಬಿಡುವುದು, ‘ದೆಮ್ ವರ್’ ಎಂದು ಶುರುಮಾಡುವುದು. ಬರೆದಾದ ಮೇಲೆ ‘ಬೈ’ ಮೇಲೆ ಬೆರಳಿಟ್ಟು ಅದರ ಮುಂದಿನ ಪದವನ್ನಷ್ಟೇ ನೋಡಿ.

‘ಹೂಮ್’ ಕೂಡ ಇದೇ ಸಾಲಿನದು, ‘ಯಾರನ್ನು’ ಎಂಬ ಅರ್ಥದಲ್ಲಿ. ಬರವಣಿಗೆಯಲ್ಲಿ ‘ಹೂಮ್ ಡಿಡ್ ಯೂ ಮೀಟ್?’, ಮಾತಿನಲ್ಲಿ ‘ಹೂ ಡಿಡ್ ಯೂ ಮೀಟ್?’ ಎಂದರೂ ನಡೆಯುತ್ತದೆ. ‘ಟು’, ‘ವಿತ್’ ಅದಕ್ಕಿಂತ ಮೊದಲೇ ಬಂದರೆ ಮಾತ್ರ ‘ಟು ಹೂಮ್’ ಎಂದೇ ಆಗಬೇಕು.

ಅಭ್ಯಾಸ

ದಿನಕ್ಕೆ ಹತ್ತು ವಾಕ್ಯ ಸಾಕು, ಆದರೆ ಪುಸ್ತಕದ ವಾಕ್ಯ ಬೇಡ. ಆ ದಿನ ಮನೆಯಲ್ಲಿ, ಬಸ್ಸಿನಲ್ಲಿ ನೀವೇ ಆಡಿದ ಕನ್ನಡದ ಮಾತನ್ನು ಹಾಗೆಯೇ ಬರೆದುಕೊಂಡು ಕೆಳಗೆ ಇಂಗ್ಲಿಷ್ ಬರೆಯಿರಿ. ತಪ್ಪಿದಾಗ ಕೆಂಪು ಶಾಯಿಯಲ್ಲಿ ಉತ್ತರ ತಿದ್ದುವ ಬದಲು, ದಾರಿ ತಪ್ಪಿಸಿದ ಕನ್ನಡದ ಪ್ರತ್ಯಯದ ಸುತ್ತ ಗೆರೆ ಎಳೆಯಿರಿ. ಎರಡು ವಾರದಲ್ಲಿ ನಿಮ್ಮ ತಪ್ಪು ‘ಗೆ’ಯಲ್ಲಿದೆಯೋ, ಷಷ್ಠಿಯಲ್ಲಿದೆಯೋ, ನುಂಗಿದ ‘ಇಟ್’ನಲ್ಲಿದೆಯೋ ಪುಟ ನೋಡಿದರೇ ಗೊತ್ತಾಗುತ್ತದೆ.

ಶುರುಮಾಡಲು ಐದು ವಾಕ್ಯ. ಉತ್ತರ ನೋಡದೆ ಮಾಡಿ.

ದೇವರಾಜ ಮಾರುಕಟ್ಟೆಯಲ್ಲಿ ಆರು ಬಾಳೆಹಣ್ಣು ತಗೊಂಡೆ, ಅವಳಿಗೆ ಕೊಟ್ಟೆ.
ಮೇಷ್ಟ್ರು ಬಂದಿದ್ದಾರೆ, ಅವರನ್ನು ಒಳಗೆ ಕರಿ.
ಅವನ ಬಗ್ಗೆ ನನಗೇನೂ ಗೊತ್ತಿಲ್ಲ.
ಅವರಿಬ್ಬರೂ ಕೂತ್ಕೊಳ್ಳಲಿ.
ಟಿವಿ ಆಫ್ ಮಾಡು, ನನಗೆ ತಲೆನೋವು.

ಉತ್ತರಗಳು ಇದೇ ಕ್ರಮದಲ್ಲಿ:

‘ಐ ಬಾಟ್ ಸಿಕ್ಸ್ ಬನಾನಾಸ್ ಅಟ್ ದೇವರಾಜ ಮಾರ್ಕೆಟ್ ಅಂಡ್ ಗೇವ್ ದೆಮ್ ಟು ಹರ್.’
‘ದಿ ಟೀಚರ್ ಹ್ಯಾಸ್ ಕಮ್. ಕಾಲ್ ಹಿಮ್ ಇನ್.’
‘ಐ ಡೋಂಟ್ ನೋ ಎನಿಥಿಂಗ್ ಅಬೌಟ್ ಹಿಮ್.’
‘ಲೆಟ್ ದೆಮ್ ಬೋತ್ ಸಿಟ್ ಡೌನ್.’
‘ಸ್ವಿಚ್ ಆಫ್ ದಿ ಟಿವಿ. ಐ ಹ್ಯಾವ್ ಎ ಹೆಡೇಕ್.’

ಮೊದಲನೆಯದರಲ್ಲಿ ‘ದೆಮ್’ ಬಿಟ್ಟುಹೋಗಿದ್ದರೆ ಕನ್ನಡದ ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಅಲ್ಲಿ ‘ಅವನ್ನು’ ಎಂಬ ಪದವೇ ಇಲ್ಲ. ಮೂರನೆಯದರಲ್ಲಿ ‘ಅಬೌಟ್ ಹಿಸ್’ ಬಂದಿದ್ದರೆ ಮೇಲಿನ ಷಷ್ಠಿಯ ಭಾಗಕ್ಕೆ ವಾಪಸ್ ಹೋಗಿ.